ಫಿಟ್ಸ್ ಬಂದ ನಾಯಿಗೆ ‘ಈಗ ಬರಬೇಡಿ’ ಅಂದ ಕ್ಲಿನಿಕ್

ಚಿಕ್ಕಬಳ್ಳಾಪುರದ ಒಂದು ಪ್ರಾಣಿಗಳ ಕ್ಲಿನಿಕ್ಕಿಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಅದರಲ್ಲಿ ಮೂರು ಡಾಕ್ಟರಮ್ಮನ ಫೋನಿಗೇ ಸಲ್ಲಬೇಕು, ಉಳಿದ ಒಂದು ಕ್ಲಿನಿಕ್ಕಿಗೆ. ಹೆಸರು ಬರೆಯುವುದಿಲ್ಲ. ಅಲ್ಲಿ ಡಾಕ್ಟರ್ ಅಂತ ಇರುವುದು ಅವರೊಬ್ಬರೇ, ರಾತ್ರಿ ಫೋನ್ ಎತ್ತುವವರೂ ಅವರೇ. ಇದನ್ನು ಓದಿ ಬೆಂಗಳೂರಿನವರೆಲ್ಲ ‘ನಮ್ಮ ಪಮೇರಿಯನ್ ಯಾಕೋ ಮಂಕಾಗಿದೆ’ ಅಂತ ಹನ್ನೊಂದು ಗಂಟೆಗೆ ಫೋನ್ ಹಚ್ಚಲು ಶುರು ಮಾಡಿದರೆ, ನಿಜವಾಗಿ ಬೇಕಾದವರಿಗೆ ಲೈನ್ ಸಿಗುವುದಿಲ್ಲ. ಚಿಕ್ಕಬಳ್ಳಾಪುರದಲ್ಲಿ ನಾಯಿ ಸಾಕಿದವರಿಗೆ ಗೊಬ್ಬರದಂಗಡಿ ಪಕ್ಕದ ಹಸಿರು ಷಟರ್ ಅಂದರೆ ಸಾಕು, ಗೊತ್ತಾಗುತ್ತದೆ.

ನಮ್ಮದು ನಂದಿ ಕಡೆಯ ಒಂದು ಹಳ್ಳಿ. ಮನೆಯ ಮುಂದಿನ ಕೋಣೆಯಲ್ಲಿ ನನ್ನ ಟೈಲರಿಂಗ್, ಹಿಂದೆ ಯಜಮಾನರ ದ್ರಾಕ್ಷಿ ತೋಟ, ಅದರ ಬದಿಗೆ ಒಂದಿಷ್ಟು ಸೇವಂತಿಗೆ. ಜೂಲಿ ಲ್ಯಾಬ್ರಡಾರ್ ಕ್ರಾಸ್, ಮೂರು ವರ್ಷದವಳು. ಅವತ್ತಿನವರೆಗೆ ಒಂದು ದಿನ ಊಟ ಬಿಟ್ಟವಳಲ್ಲ. ರಾತ್ರಿ ಹತ್ತೂವರೆ ಇರಬೇಕು, ಹೊಲಿಗೆ ಮಿಷನ್ನಿನ ಪಕ್ಕ ಮಲಗಿದ್ದವಳು ಇದ್ದಕ್ಕಿದ್ದಂತೆ ಸೆಟೆದುಕೊಂಡಳು. ಕತ್ತು ಹಿಂದಕ್ಕೆ ಬಾಗಿತು, ಆಮೇಲೆ ನಾಲ್ಕೂ ಕಾಲು ನೀರಲ್ಲಿ ಈಜುವ ಹಾಗೆ ಆಡತೊಡಗಿದವು. ಹಲ್ಲು ಕಟಕಟ, ಬಾಯಲ್ಲಿ ನೊರೆ, ಮಲಗಿದಲ್ಲೇ ಉಚ್ಚೆ. ಅತ್ತೆ ಬೀಗದ ಕೈ ಗೊಂಚಲು ಹಿಡಿದುಕೊಂಡು ಓಡಿ ಬಂದರು, ಹಿಂದೆಯೇ ಜಜ್ಜಿದ ಈರುಳ್ಳಿಯೂ ಬಂತು. ಯಜಮಾನರು ನಾಲಿಗೆ ಕಚ್ಚಿಕೊಂಡಾಳು ಅಂತ ಚಮಚ ಹುಡುಕುತ್ತಿದ್ದರು. ಮಗ ಮಾತ್ರ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾ ನಿಂತಿದ್ದ. ‘ನಾಯಿ ಸಾಯ್ತಾ ಇದ್ದರೆ ನಿನಗೆ ಸಿನಿಮಾನಾ’ ಅಂತ ಅತ್ತೆ ಅವನಿಗೆ ಬೈದರು. ನಾನು ಫೋನ್ ಹಚ್ಚಿದೆ.

ಎರಡನೇ ರಿಂಗಿಗೇ ಎತ್ತಿದರು. ನನ್ನ ಗಾಬರಿ ಅವರಿಗೆ ಕೇಳಿಸಿತೋ ಇಲ್ಲವೋ, ಮೊದಲು ಕೇಳಿದ್ದು ಟೈಮು. ‘ಇನ್ನೂ ಆಗ್ತಾ ಇದೆಯಾ ಅಕ್ಕ? ಶುರುವಾಗಿ ಎಷ್ಟು ಹೊತ್ತಾಯ್ತು? ಅಂದಾಜು ಬೇಡ, ಗಡಿಯಾರ ನೋಡಿ.’ ಮಗನ ವಿಡಿಯೋ 1 ನಿಮಿಷ 40 ಸೆಕೆಂಡ್ ತೋರಿಸುತ್ತಿತ್ತು. ‘ಬಾಯಿಗೆ ಏನೂ ಹಾಕಬೇಡಿ. ನಾಲಿಗೆ ನುಂಗಲ್ಲ, ನಿಮ್ಮ ಬೆರಳು ಹೋಗುತ್ತೆ ಅಷ್ಟೆ. ಹಿಡ್ಕೋಬೇಡಿ, ನೀರು ಹಾಕಬೇಡಿ. ಮಿಷನ್ ಪಕ್ಕಕ್ಕೆ ಸರಿಸಿ, ಲೈಟು ಟೀವಿ ಆಫ್ ಮಾಡಿ, ಫೋನ್ ಇಡಬೇಡಿ.’ ಅವರು ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಕಾಲಾಟ ನಿಧಾನವಾಗಿ ನಿಂತಿತು. ಜೂಲಿ ದೊಡ್ಡ ಉಸಿರು ಬಿಡುತ್ತಾ ಬಿದ್ದುಕೊಂಡಳು.

ಆಮೇಲಿನ ಹತ್ತು ನಿಮಿಷದ ಮಾತುಕತೆಗೇ ನಾನು ಸ್ಟಾರ್ ಕೊಡುತ್ತಿರುವುದು. ಎಲ್ಲ ಪ್ರಶ್ನೆಗಳ ಹಿಂದೆಯೂ ಒಂದು ಲೆಕ್ಕ ಇತ್ತು. ಅದನ್ನು ಅವರು ಮಾರನೇ ದಿನ ಬಿಡಿಸಿ ಹೇಳಿದರು, ಇಲ್ಲಿ ಸೇರಿಸಿಯೇ ಬರೆಯುತ್ತೇನೆ. ತೋಟಕ್ಕೆ ಇವತ್ತು ನಿನ್ನೆ ಏನು ಔಷಧಿ ಹೊಡೆದಿದ್ದೀರಿ? ಇಲಿ ಪಾಷಾಣ ಇಟ್ಟಿದ್ದೀರಾ? ಉಣ್ಣಿ ಹುಳಕ್ಕೆ ಅಂತ ಮೈಗೆ ಏನಾದರೂ ಹಚ್ಚಿ ತೊಳೆದಿರಾ? ನಮ್ಮ ಕಡೆ ಈ ಪ್ರಶ್ನೆ ಮೊದಲು ಬರಬೇಕಾದ್ದೇ. ಸೇವಂತಿಗೆಗೆ ಹೊಡೆಯುವ ಕೀಟನಾಶಕದ ಡಬ್ಬಿ ಇಲ್ಲದ ಮನೆ ನಮ್ಮ ಬೀದಿಯಲ್ಲಿಲ್ಲ. ದನದ ಉಣ್ಣಿಗೆ ತಂದ ಔಷಧಿಯನ್ನೇ ಅಳತೆ ನೋಡದೆ ನಾಯಿಗೂ ಸುರಿಯುವವರಿದ್ದಾರೆ. ವಿಷ ಹೋಗಿದೆ ಅನ್ನುವ ಅನುಮಾನವಿದ್ದರೆ ನಿಮಿಷದ ಲೆಕ್ಕವೇ ಬೇಡ, ಒಂದು ನಿಮಿಷದಲ್ಲಿ ನಿಂತರೂ ತಕ್ಷಣ ಹೊರಡಬೇಕು ಅಂದರು. ಜೊಲ್ಲು ಧಾರೆಯಾಗಿ ಸುರಿಯುವುದು, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಾಗುವುದು, ವಾಂತಿ ಭೇದಿ, ಮೈ ಮಾಂಸವೆಲ್ಲ ಅದುರುವುದು ಕೀಟನಾಶಕದ ಗುರುತುಗಳು. ಡಬ್ಬಿಯನ್ನೋ ಚೀಟಿಯನ್ನೋ ಜೊತೆಗೆ ಒಯ್ಯಬೇಕು, ಯಾವ ವಿಷ ಅಂತ ಗೊತ್ತಾದರೆ ಮದ್ದು ಕೊಡುವುದು ಸುಲಭ. ವಾಂತಿ ಮಾಡಿಸೋಣ ಅಂತ ಉಪ್ಪುನೀರು ಕುಡಿಸಲೇಬಾರದಂತೆ. ಉಪ್ಪು ಜಾಸ್ತಿಯಾದರೆ ಅದರಿಂದಲೇ ಫಿಟ್ಸ್ ಬರುತ್ತದೆ.

ಮರಿ ಹಾಕಿದ್ದಾಳಾ, ಹಾಲು ಕುಡಿಸುತ್ತಿದ್ದಾಳಾ? ಹಾಲೂಡುವ ತಾಯಿ ನಾಯಿಗೆ ಕ್ಯಾಲ್ಸಿಯಂ ಇಳಿದು ನಡುಕ, ಸೆಳೆತ ಬಂದರೆ ಅದೂ ಕಾಯುವ ಕೇಸಲ್ಲ. ತಲೆಗೆ ಏಟು ಬಿದ್ದಿದೆಯಾ? ಸಕ್ಕರೆ ಕಾಯಿಲೆಗೆ ಇಂಜೆಕ್ಷನ್ ನಡೆಯುತ್ತಿದೆಯಾ? ಬಿಸಿಲಲ್ಲಿ ಕಟ್ಟಿಹಾಕಿದ್ದಿರಾ? ಎಲ್ಲಕ್ಕೂ ಇಲ್ಲ ಅಂದೆ. ದ್ರಾಕ್ಷಿ ತಿನ್ನುತ್ತಾಳಾ ಅಂತಲೂ ಕೇಳಿದರು. ಬಿದ್ದದ್ದು ನೆಕ್ಕುತ್ತಾಳೆ ಅಂದಿದ್ದಕ್ಕೆ, ‘ಇವತ್ತಿನ ಫಿಟ್ಸ್‌ಗೆ ಅದು ಕಾರಣ ಅಲ್ಲ, ಆದರೆ ಕಿಡ್ನಿ ಹೋಗುತ್ತೆ, ನಾಳೆಯಿಂದ ತೋಟಕ್ಕೆ ಬಿಡಬೇಡಿ’ ಅಂದರು. ದ್ರಾಕ್ಷಿ ಬೆಳೆಯುವ ಮನೆಯಲ್ಲಿ ಈ ಮಾತು ಹೇಳಿದ ಮೊದಲ ಡಾಕ್ಟರ್ ಇವರು.

ಕೊನೆಗೆ ಲಸಿಕೆ. ರೇಬಿಸ್ ಇಂಜೆಕ್ಷನ್ ಕಾರ್ಡು ಕೈಯಲ್ಲಿ ಹಿಡಿದು ತಾರೀಕು ಓದಲು ಹೇಳಿದರು. ಅತ್ತೆಯ ಕೈಗೆ ಜೊಲ್ಲು ತಾಗಿದೆ ಅಂದೆ. ಲಸಿಕೆ ಇಲ್ಲದ ನಾಯಿ, ಎರಡು ಮೂರು ದಿನದಿಂದ ನಡವಳಿಕೆ ಬೇರೆಯಾಗಿದೆ, ಆಮೇಲೆ ಫಿಟ್ಸ್ ಅಂತಾದರೆ ಜೊಲ್ಲಿನ ಹತ್ತಿರವೂ ಹೋಗಬಾರದು, ತಾಗಿದ್ದರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಮನುಷ್ಯರ ಆಸ್ಪತ್ರೆಗೆ ಓಡಬೇಕು ಅಂತ ವಿವರಿಸಿದರು. ಜೂಲಿಯ ಕಾರ್ಡು ಸರಿಯಿತ್ತು. ಆದರೂ ಅತ್ತೆ ಪೂರ್ತಿ ಹದಿನೈದು ನಿಮಿಷ ನಲ್ಲಿ ಮುಂದೆ ನಿಂತಿದ್ದರು.

ಇಷ್ಟೆಲ್ಲ ಆದ ಮೇಲೆ ಬಂದ ತೀರ್ಪು: ‘ಈಗ ಬರಬೇಡಿ. ಬೆಂಗಳೂರಿಗೂ ಹೋಗಬೇಡಿ. ಬೆಳಿಗ್ಗೆ ಒಂಬತ್ತೂವರೆಗೆ ಖಾಲಿ ಹೊಟ್ಟೆಯಲ್ಲಿ ಕರ್ಕೊಂಡು ಬನ್ನಿ.’

ಯಜಮಾನರಿಗೆ ಇದು ಹಿಡಿಸಲಿಲ್ಲ. ಅವರು ಅಷ್ಟರಲ್ಲಿ ಇನ್ನೊಂದು ಫೋನಿನಲ್ಲಿ ಬೆಂಗಳೂರಿನ ಯಾವುದೋ ಜಾಗಕ್ಕೆ ಮಾತಾಡಿದ್ದರು. ಅಲ್ಲಿ ಒಂದೇ ಒಂದು ಪ್ರಶ್ನೆ ಕೇಳದೆ ‘ತಕ್ಷಣ ತನ್ನಿ ಸರ್, ಅಡ್ವಾನ್ಸ್ ಕಟ್ಟಬೇಕಾಗುತ್ತೆ’ ಅಂದಿದ್ದರು. ತಕ್ಷಣ ಬನ್ನಿ ಅನ್ನುವುದು ಯಾವ ಡಾಕ್ಟರಿಗೂ ಸುಲಭ, ಅದರಲ್ಲಿ ಅವರಿಗೆ ನಷ್ಟವಿಲ್ಲ. ಬರಬೇಡಿ ಅನ್ನಲು ಧೈರ್ಯ ಬೇಕು. ಬೆಳಗಾಗುವುದರೊಳಗೆ ಏನಾದರೂ ಆದರೆ ಮಾತು ಬರುವುದು ಹಾಗಂದವರ ಮೇಲೆ. ಇವರು ಹಾಗಂದು ಸುಮ್ಮನಾಗಲೂ ಇಲ್ಲ, ಯಾವಾಗ ಹೊರಡಬೇಕು ಅನ್ನುವುದನ್ನು ಬರೆಸಿದರು. ಬಟ್ಟೆ ಅಳತೆ ಬರೆಯುವ ನನ್ನ ಪುಸ್ತಕದಲ್ಲಿ ಈಗಲೂ ಇದೆ. ಒಂದೇ ಫಿಟ್ಸ್ 5 ನಿಮಿಷ ದಾಟಿದರೆ. 24 ಗಂಟೆಯೊಳಗೆ ಇನ್ನೊಂದು ಬಂದರೆ. ನಿಂತ ಮೇಲೆ ಪ್ರಜ್ಞೆ ಬರದೆ ಮತ್ತೆ ಶುರುವಾದರೆ. ಒಸಡು ನೀಲಿಗಟ್ಟಿದರೆ, ಉಸಿರು ಕಷ್ಟವಾದರೆ. ಇದರಲ್ಲಿ ಯಾವುದಾದರೂ ಒಂದಾದರೆ ‘ನನಗೆ ಫೋನ್ ಮಾಡ್ತಾ ಕೂರಬೇಡಿ, ಗಾಡಿ ಹತ್ತಿ ಆಮೇಲೆ ಮಾಡಿ’. ಐದು ನಿಮಿಷದ ಗಡಿ ಯಾಕೆ ಅಂತಲೂ ಹೇಳಿದರು. ಅಷ್ಟು ಹೊತ್ತು ದಾಟಿದ ಸೆಳೆತ ತಾನಾಗಿ ನಿಲ್ಲುವುದು ಕಡಿಮೆ. ಮೈ ಬಿಸಿ ಏರುತ್ತಾ ಹೋಗುತ್ತದೆ, 105 ಡಿಗ್ರಿ ಫ್ಯಾರನ್‌ಹೀಟ್ ಮೀರಿದರೆ ಮಿದುಳಿಗೂ ಅಪಾಯ, ಒಳಗಿನ ಅಂಗಗಳಿಗೂ ಅಪಾಯ. ನಾಯಿಗೆ ಮಾಮೂಲಿಯೇ 101, 102 ಇರುತ್ತದೆ.

ರಾತ್ರಿ ಏನೇನು ಆಗಬಹುದು ಅಂತ ಮುಂಚೆಯೇ ಹೇಳಿದ್ದೂ ಉಪಕಾರವಾಯಿತು. ಇಲ್ಲದಿದ್ದರೆ ನಾವು ಖಂಡಿತ ಬೆಂಗಳೂರು ದಾರಿ ಹಿಡಿಯುತ್ತಿದ್ದೆವು. ಎದ್ದ ಜೂಲಿಗೆ ಕಣ್ಣು ಕಾಣುತ್ತಿರಲಿಲ್ಲ. ಗೋಡೆಗೆ ಡಿಕ್ಕಿ, ಕುರ್ಚಿಗೆ ಡಿಕ್ಕಿ, ನನ್ನ ಗುರುತೇ ಇಲ್ಲ, ಕೋಣೆಯೊಳಗೆ ಸುತ್ತಿದ್ದೇ ಸುತ್ತಿದ್ದು. ಆಮೇಲೆ ಭಯಂಕರ ಹಸಿವು. ಇದೆಲ್ಲ ಫಿಟ್ಸ್ ಆದ ಮೇಲಿನ ಮಬ್ಬು, ಕೆಲವು ನಾಯಿಗೆ ಕೆಲವೇ ನಿಮಿಷ, ಕೆಲವಕ್ಕೆ ಗಂಟೆಗಟ್ಟಲೆ ಇರುತ್ತದೆ ಅಂದಿದ್ದರು. ಮುದ್ದು ಮಾಡಲು ಮುಖದ ಹತ್ತಿರ ಹೋಗಬೇಡಿ, ಗುರುತು ಸಿಗದೆ ಕಚ್ಚೀತು ಅಂತಲೂ. ನಡುರಾತ್ರಿ ಸರಿಯಾಗಿ ಬಾಲ ಆಡಿಸಿದಳು.

ಇನ್ನು ಕ್ಲಿನಿಕ್ ವಿಷಯ. ಒಂದು ಉದ್ದನೆ ಕೋಣೆ, ಸ್ಟೀಲ್ ಮೇಜು, ಫ್ರಿಜ್ಜು, ಗೋಡೆಗೆ ದನದ ಹಲ್ಲಿನ ಚಾರ್ಟು. ತೂಕಕ್ಕೆ ಮಂಡಿಯಲ್ಲಿ ಮೂಟೆ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ. ಜೂಲಿ ಅದರ ಮೇಲೆ ನಿಂತು 24 ಕೆಜಿ ತೂಗಿದಳು. ಡಾಕ್ಟರ್ ಮೊದಲು ಕೇಳಿದ್ದು ಮಗನ ವಿಡಿಯೋ. ಎರಡು ಸಲ ನೋಡಿ, ‘ಇದು ಫಿಟ್ಸೇ’ ಅಂದರು. ಹೃದಯದ ತೊಂದರೆಯಿಂದ ಪ್ರಜ್ಞೆ ತಪ್ಪಿ ಬೀಳುವ ನಾಯಿಯನ್ನೂ ಜನ ಫಿಟ್ಸ್ ಅಂತಲೇ ತರುತ್ತಾರಂತೆ. ಅದರಲ್ಲಿ ಸಾಮಾನ್ಯವಾಗಿ ಮೈ ಸಡಿಲಾಗಿ ಬಿದ್ದು, ಕ್ಷಣದಲ್ಲಿ ಏನೂ ಆಗದ ಹಾಗೆ ಎದ್ದು ನಡೆಯುತ್ತವೆ, ಮಬ್ಬು ಇರುವುದಿಲ್ಲ. ಬಾಯಲ್ಲಿ ವರ್ಣಿಸಿದರೆ ಎರಡೂ ಒಂದೇ ಥರ ಕೇಳಿಸುತ್ತದೆ, ವಿಡಿಯೋದಲ್ಲಿ ಬೇರೆ ಕಾಣುತ್ತದೆ. ಮಗ ಮನೆಗೆ ಬಂದು ಅಜ್ಜಿಗೆ ಇದನ್ನು ಹೇಳಿದ್ದೇ ಹೇಳಿದ್ದು.

ಕಣ್ಣಿಗೆ ಟಾರ್ಚ್ ಬಿಟ್ಟು, ಪಾದ ಮಡಿಸಿ ಇಟ್ಟು ನೋಡಿ (ತಾನಾಗಿ ಬಿಡಿಸಿಕೊಳ್ಳುತ್ತದೆಯೇ ಅಂತ), ಒಸಡು ಕಿವಿ ಎಲ್ಲ ನೋಡಿ, ಸಕ್ಕರೆ ಅಲ್ಲೇ ಚುಚ್ಚಿ ಪರೀಕ್ಷಿಸಿದರು. ರಕ್ತ ಬೆಂಗಳೂರಿನ ಲ್ಯಾಬಿಗೆ ಹೋಯಿತು. ಲಿವರ್, ಕಿಡ್ನಿ, ಕ್ಯಾಲ್ಸಿಯಂ, ಉಣ್ಣಿ ಕಚ್ಚಿ ಬರುವ ಜ್ವರಕ್ಕೆ ಪ್ಲೇಟ್‌ಲೆಟ್. ಕನ್ಸಲ್ಟೇಶನ್ 300 ರೂಪಾಯಿ, ರಕ್ತಕ್ಕೆ 1,800. ರಾತ್ರಿ ಫೋನಿಗೆ ಎಷ್ಟು ಅಂತ ಕೇಳಿದ್ದಕ್ಕೆ ನಕ್ಕರು. ಎಲ್ಲ ನಾರ್ಮಲ್ ಬಂತು. ಆರು ತಿಂಗಳಿಂದ ಆರು ವರ್ಷದೊಳಗಿನ ನಾಯಿಗೆ ಮೊದಲ ಸಲ ಬಂದು, ಉಳಿದ ಸಮಯ ಚೆನ್ನಾಗಿಯೇ ಇದ್ದು, ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಹೆಚ್ಚಿನ ಸಲ ಅದು ಮನುಷ್ಯರಿಗೆ ಬರುವಂಥದ್ದೇ ಮೂರ್ಛೆ ರೋಗ. ಮಾತ್ರೆ ಕೊಡಲಿಲ್ಲ. ಒಂದು ಸಲ ಬಂದದ್ದಕ್ಕೆ ವರ್ಷಗಟ್ಟಲೆ ಮಾತ್ರೆ ಹಾಕುವುದು ಬೇಡ, ಆರು ತಿಂಗಳಲ್ಲಿ ಇನ್ನೊಂದು ಬಂದರೆ, ಅಥವಾ ಒಂದೇ ದಿನ ಎರಡು ಬಂದರೆ ಶುರು ಮಾಡೋಣ, ತಾರೀಕು ಟೈಮು ಬರೆದಿಡಿ ಅಂದರು. ಔಷಧಿ ಬರೆಯದ ಡಾಕ್ಟರ್ ಅಂದರೆ ನಮ್ಮ ಅತ್ತೆಗೆ ಡಾಕ್ಟರೇ ಅಲ್ಲ. ಟಾನಿಕ್ ಆದರೂ ಬರೆಸಿಕೊಂಡು ಬರಬಾರದಿತ್ತಾ ಅಂತ ಒಂದು ವಾರ ಗೊಣಗಿದರು.

ಕೆಲವು ತಿಂಗಳು ಏನೂ ಇಲ್ಲ. ಆಮೇಲೆ ದ್ರಾಕ್ಷಿ ಕೊಯ್ಲಿನ ಸಮಯದಲ್ಲಿ ಒಂದು ರಾತ್ರಿ ಹನ್ನೊಂದಕ್ಕೆ ಬಂತು, ಎರಡು ನಿಮಿಷದೊಳಗೆ ನಿಂತಿತು. ಪುಸ್ತಕದಲ್ಲಿ ಬರೆದು ಪಕ್ಕದಲ್ಲೇ ಚಾಪೆ ಹಾಕಿ ಮಲಗಿದೆ. ಮೂರು ಗಂಟೆಗೆ ಇನ್ನೊಂದು. ಕಾರಿಗೆ ಹಾಕಿಕೊಂಡೇ ಫೋನ್ ಮಾಡಿದೆ. ಈ ಸಲ ಒಂದೇ ಪ್ರಶ್ನೆ: ‘ಎರಡನೆಯದಾ? ಹೊರಟಿದ್ದೀರಾ?’ ನಾವು ಹೆದ್ದಾರಿ 44ಕ್ಕೆ ಏರುವಷ್ಟರಲ್ಲಿ ಬೆಂಗಳೂರಿನಲ್ಲಿ ರಾತ್ರಿ ತೆರೆದಿರುವ ಒಂದು ಖಾಸಗಿ ಆಸ್ಪತ್ರೆಗೆ ಅವರೇ ಹೇಳಿ, ಹಳೆಯ ರಕ್ತದ ರಿಪೋರ್ಟು, ತೂಕ, ಮೊದಲ ವಿಡಿಯೋ ಎಲ್ಲ ಅಲ್ಲಿಗೆ ಕಳಿಸಿಯಾಗಿತ್ತು. ಹಿಂದಿನ ಸೀಟಲ್ಲಿ ಪಕ್ಕಕ್ಕೆ ಮಲಗಿಸಿ, ಕಿಟಕಿ ಇಳಿಸಿ, ತೊಡೆ ಮೇಲೆ ಅಮುಕಿ ಹಿಡಿಯಬೇಡಿ, ದಾರಿಯಲ್ಲಿ ಮತ್ತೆ ಬಂದರೂ ಗಾಡಿ ನಿಲ್ಲಿಸಬೇಡಿ ಅಂದರು. ದೇವನಹಳ್ಳಿ ದಾಟಿ ಏರ್‌ಪೋರ್ಟ್ ಟ್ಯಾಕ್ಸಿಗಳ ಮಧ್ಯೆ ನುಗ್ಗುವಾಗ ಮೂರನೆಯದು ಬಂತು. ಆಸ್ಪತ್ರೆಯವರು ಬಾಗಿಲಲ್ಲೇ ಸ್ಟ್ರೆಚರ್ ಇಟ್ಟುಕೊಂಡು ನಿಂತಿದ್ದರು. ಇಂಜೆಕ್ಷನ್ ಹಾಕಿ ಸೆಳೆತ ನಿಲ್ಲಿಸಿ, ಡ್ರಿಪ್ ಹಾಕಿ, ಸಂಜೆವರೆಗೆ ಇಟ್ಟುಕೊಂಡರು. ಬಿಲ್ಲು ಹನ್ನೊಂದು ಸಾವಿರ ಚಿಲ್ಲರೆ. ಅದರಲ್ಲಿ ಒಂದು ರೂಪಾಯಿಯೂ ದಂಡ ಅನ್ನಿಸಲಿಲ್ಲ. ಅದೇ ದುಡ್ಡು ಮೊದಲ ರಾತ್ರಿ ಕಟ್ಟಿದ್ದರೆ, ತಾನಾಗಿಯೇ ನಿಂತ ಫಿಟ್ಸ್‌ಗೆ ಕಟ್ಟಿದಂತಾಗುತ್ತಿತ್ತು.

ಅಲ್ಲಿಂದ ಫಿನೋಬಾರ್ಬಿಟಾಲ್ ಮಾತ್ರೆ ಶುರುವಾಗಿದೆ, ದಿನಕ್ಕೆ ಎರಡು ಹೊತ್ತು, ಹನ್ನೆರಡು ಗಂಟೆಗೊಂದು. ಜೂಲಿಯ ಡೋಸು ಇಲ್ಲಿ ಬರೆಯುವುದಿಲ್ಲ, ಅದು ತೂಕ ಮತ್ತು ರಕ್ತದ ಲೆಕ್ಕ ನೋಡಿ ಡಾಕ್ಟರ್ ಬರೆಯಬೇಕಾದ್ದು. ಮೊದಲ ಎರಡು ವಾರ ಕುಡಿದವರ ಹಾಗೆ ತೂರಾಡುತ್ತಾಳೆ, ಹಸಿವು ಬಾಯಾರಿಕೆ ಎರಡೂ ಹೆಚ್ಚುತ್ತವೆ, ಉಚ್ಚೆ ಜಾಸ್ತಿ ಅಂತ ಡಾಕ್ಟರಮ್ಮ ಎಚ್ಚರಿಸಿದ್ದರು, ಎಲ್ಲವೂ ಹಾಗೆಯೇ ಆಯಿತು. ಒಬ್ಬರ ಮದುವೆ ಬ್ಲೌಸ್ ಪೀಸು ಅದರಲ್ಲಿ ಬಲಿಯಾಯಿತು. ಎರಡು ವಾರದ ಮೇಲೆ ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ಪರೀಕ್ಷೆ, ಆಮೇಲೆ ಆರು ತಿಂಗಳಿಗೊಮ್ಮೆ ಲಿವರ್. ಫಿಟ್ಸ್ ಬರುತ್ತಿಲ್ಲ ಅಂತ ನಾವೇ ಮಾತ್ರೆ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಬರುತ್ತದಂತೆ, ಅದನ್ನು ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದುಕೊಟ್ಟಿದ್ದಾರೆ. ಮನೆಯಲ್ಲಿ ಇಟ್ಟುಕೊಳ್ಳಲು ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಕೂಡ ಇದೆ. ಮಕ್ಕಳ ಫಿಟ್ಸ್‌ಗೂ ಇದನ್ನೇ ಕೊಡುತ್ತಾರೆ. ಯಾವಾಗ, ಎಷ್ಟು ಹೊಡೆಯಬೇಕು ಅಂತ ಖಾಲಿ ಬಾಟಲಿಯಲ್ಲಿ ನನ್ನ ಕೈಯಲ್ಲೇ ಮಾಡಿಸಿ ತೋರಿಸಿದರು.

ಮಾತ್ರೆಗೆ ದುಡ್ಡು ಹೆಚ್ಚಲ್ಲ, ಸಿಗುವುದೇ ರಗಳೆ. ಇವು ಮನುಷ್ಯರ ಮೆಡಿಕಲ್ ಸ್ಟೋರಿನಲ್ಲೇ ಸಿಗುವುದು, ಚೀಟಿ ಇಲ್ಲದೆ ಕೊಡುವುದಿಲ್ಲ, ಕೊಡಲೂಬಾರದು. ಮೊದಲ ಸಲ ಅಂಗಡಿಯವರು ಚೀಟಿ ನೋಡಿ ‘ಜೂಲಿ ಯಾರಮ್ಮ, ಮಗಳಾ? ವಯಸ್ಸು ಮೂರು ಅಂತಿದೆ, ಇಷ್ಟು ಡೋಸಾ?’ ಅಂತ ಗಾಬರಿಯಾದರು. ಈಗ ಡಾಕ್ಟರ್ ದೊಡ್ಡಕ್ಷರದಲ್ಲಿ ‘ನಾಯಿ’ ಅಂತ ಬರೆಯುತ್ತಾರೆ.

ಕಡಿಮೆ ಮಾಡಿದ ಒಂದು ಸ್ಟಾರ್ ಬಗ್ಗೆ. ಟೋಕನ್ ಪದ್ಧತಿ ಇಲ್ಲ. ಒಂಬತ್ತೂವರೆಗೆ ಬನ್ನಿ ಅಂದವರು ಯಾವುದೋ ಹಳ್ಳಿಯಲ್ಲಿ ಹಸು ಕರು ಹಾಕಲಾರದೆ ಒದ್ದಾಡುತ್ತಿದೆ ಅಂತ ಹೋಗಿಬಿಟ್ಟಿರುತ್ತಾರೆ, ನಾವು ಹೊರಗಿನ ಬೆಂಚಿನಲ್ಲಿ. ಹಸು ಮೊದಲು ಅನ್ನುವುದರಲ್ಲಿ ನನ್ನ ತಕರಾರಿಲ್ಲ, ಒಂದು ಫೋನ್ ಮಾಡಿ ಹೇಳಬಹುದಲ್ಲ. ನೆಲಕ್ಕೆ ನುಣುಪು ಟೈಲ್ಸ್ ಹಾಕಿಸಿದ್ದಾರೆ, ಮಾತ್ರೆಯ ಮಂಪರಿನಲ್ಲಿರುವ ನಾಯಿ ಅದರ ಮೇಲೆ ನಿಲ್ಲಲಾರದು. ಒಂದು ರಬ್ಬರ್ ಮ್ಯಾಟು ಹಾಸಿದರೆ ಎಷ್ಟು ಖರ್ಚು? ರಾತ್ರಿ ಇಟ್ಟುಕೊಳ್ಳುವ ವ್ಯವಸ್ಥೆ ಇಲ್ಲ. ಅದು ಅವರೊಬ್ಬರಿಂದ ಆಗುವ ಕೆಲಸವೂ ಅಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ, ಆದರೂ ರಾತ್ರಿ ಮೂರು ಗಂಟೆಗೆ ನಾಯಿ ಎತ್ತಿಕೊಂಡು ಹೋಗಿ ತಟ್ಟಬಹುದಾದ ಬಾಗಿಲು ಊರೊಳಗೆ ನನಗೆ ಸಿಕ್ಕಿಲ್ಲ. ಸರ್ಕಾರದ ಪಶು ಆಂಬುಲೆನ್ಸ್ ನಂಬರ್ 1962ಕ್ಕೆ ಫೋನ್ ಮಾಡಿ ಅನ್ನುವವರಿದ್ದಾರೆ. ಆ ಪಶು ಸಂಜೀವಿನಿ ಗಾಡಿ ನಮ್ಮ ಹಸುವಿಗೆ ಕೆಚ್ಚಲು ಬಾವು ಬಂದಾಗ ಮನೆ ಬಾಗಿಲಿಗೇ ಬಂದಿತ್ತು, ಚೆನ್ನಾಗಿಯೇ ನೋಡಿದರು. ನಡುರಾತ್ರಿ ನಾಯಿಯ ಫಿಟ್ಸ್‌ಗೆ ಅದನ್ನು ನೆಚ್ಚಿ ಕೂರುವ ಲೆಕ್ಕ ಮಾತ್ರ ನಾನು ಹಾಕಲಿಲ್ಲ. ಹಗಲಲ್ಲಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೇ ಹೆದ್ದಾರಿಯ ಆ ತುದಿಯಲ್ಲಿದೆ. ಇಲ್ಲಿ ಆಗದ ಪರೀಕ್ಷೆಗೆ ಡಾಕ್ಟರಮ್ಮ ಅಲ್ಲಿಗೇ ಬರೆದುಕೊಡುತ್ತಾರೆ, ಅವರು ಓದಿದ್ದೂ ಅಲ್ಲೇ.

ಹೋಗುವವರಿಗೆ: ಫೋನ್ ಮಾಡುವ ಮುಂಚೆ ನಾಯಿಯ ತೂಕ, ವಯಸ್ಸು, ಲಸಿಕೆ ಕಾರ್ಡು ಕೈಯಲ್ಲಿರಲಿ, ಯಾರಾದರೊಬ್ಬರು ವಿಡಿಯೋ ಮಾಡುತ್ತಿರಲಿ. ಬೆಳಿಗ್ಗೆ ಹನ್ನೊಂದರ ನಂತರ ಹೋದರೆ ಡಾಕ್ಟರ್ ಸಿಗುವುದು ಅನುಮಾನ, ಸಂಜೆ ಐದರಿಂದ ಎಂಟು ವಾಸಿ. ಭಾನುವಾರ ಅರ್ಧ ದಿನ. ಯುಪಿಐ ನಡೆಯುತ್ತದೆ, ಲ್ಯಾಬಿನ ದುಡ್ಡು ಮಾತ್ರ ನಗದು ಕೇಳುತ್ತಾರೆ. ಕಾರು ಗೊಬ್ಬರದಂಗಡಿ ಮುಂದೆ ನಿಲ್ಲಿಸಬೇಡಿ, ಲಾರಿ ಬಂದರೆ ಸಂಜೆವರೆಗೂ ಹೊರಗೆ ತೆಗೆಯಲಾಗುವುದಿಲ್ಲ.